ನಾನು ತುಳಿದದ್ದು ಬ್ರೇಕೇ!

ನಮ್ಮ ಭಾವನ ಹೊಸ ಕಾರನ್ನು ಶೋರೂಮಿನಿಂದ ಅಪಾರ್ಟ್‌ಮೆಂಟಿನವರೆಗೆ ಹನ್ನೊಂದು ಕಿಲೋಮೀಟರು ಓಡಿಸಿಕೊಂಡು ಬಂದದ್ದು ಶೋರೂಮಿನ ಹುಡುಗ. ಭಾವ ಓಡಿಸಿದ್ದು ಹದಿನಾಲ್ಕು ಅಡಿ. ಹದಿನಾಲ್ಕನೆಯ ಅಡಿಯಲ್ಲಿ ಬೇಸ್‌ಮೆಂಟಿನ ಕಂಬ ಇತ್ತು.

ಅವತ್ತು ಭಾನುವಾರ. ಬಾನೆಟ್ಟಿನ ಮೇಲೆ ಕುಂಕುಮದ ಸ್ವಸ್ತಿಕ, ಗ್ರಿಲ್ಲಿಗೆ ಸೇವಂತಿಗೆ ಹಾರ, ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು. ಬೂದುಗುಂಬಳ ನಿವಾಳಿಸಿ ಒಡೆದಾಗಿತ್ತು. ಪುರೋಹಿತರು ಆರತಿ ತಟ್ಟೆ ಹಿಡಿದು ಎದುರಿಗೆ ನಿಂತು, "ಈಗ ನಿಧಾನಕ್ಕೆ ಮುಂದಕ್ಕೆ ಬಿಡಿ" ಅಂದರು. ಭಾವ ಮೂವತ್ತು ವರ್ಷ ಬ್ಯಾಂಕಿನಲ್ಲಿದ್ದು ವಿಆರ್‌ಎಸ್ ತಗೊಂಡವರು. ನಿಧಾನ ಅವರಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಬ್ರೇಕ್ ತುಳಿದು ಬಟನ್ ಒತ್ತಿದರು, ಗೇರನ್ನು ಡಿಗೆ ಎಳೆದರು, ಬ್ರೇಕಿನಿಂದ ಕಾಲು ತೆಗೆದರು. ಕಾರು ತನ್ನಷ್ಟಕ್ಕೆ ತಾನು ಮೆಲ್ಲಗೆ ಮುಂದಕ್ಕೆ ಹೊರಟಿತು.

ಆಟೋಮ್ಯಾಟಿಕ್ ಕಾರಿನ ಹುಟ್ಟುಗುಣವೇ ಅದು. ಡಿಯಲ್ಲಿಟ್ಟು ಬ್ರೇಕ್ ಬಿಟ್ಟರೆ ಎಕ್ಸ್‌ಲೇಟರ್ ಮುಟ್ಟದಿದ್ದರೂ ತೆವಳುತ್ತದೆ. ನಿಂಬೆಹಣ್ಣು ಹತ್ತಿಸಲು ಅದಕ್ಕಿಂತ ಹದವಾದ ವೇಗ ಇನ್ನೊಂದಿಲ್ಲ. ಆದರೆ ಮೂರು ದಶಕ ಮ್ಯಾನ್ಯುಯಲ್ ಗಾಡಿ ಓಡಿಸಿದ ಮನುಷ್ಯನಿಗೆ, ಹೇಳದೆ ಕೇಳದೆ ಹೊರಟ ಕಾರೆಂದರೆ ಹಗ್ಗ ಬಿಚ್ಚಿಕೊಂಡ ಕರು ಇದ್ದ ಹಾಗೆ. "ಅಯ್ಯಯ್ಯೋ, ಅದೇ ಹೋಗ್ತಿದೆ!" ಎಂದು ಕೂಗಿದ ಭಾವ ಬಲಗಾಲಿನಲ್ಲಿ ಗಟ್ಟಿಯಾಗಿ ತುಳಿದರು. ಎಪ್ಪತ್ತರ ಹತ್ತಿರದ ಪುರೋಹಿತರು ಆರತಿ ತಟ್ಟೆಯ ಸಮೇತ ಪಕ್ಕಕ್ಕೆ ಹಾರಿದರು. ಕರ್ಪೂರ ಆರಲಿಲ್ಲ ಎಂಬುದನ್ನು ಅವರು ಈಗಲೂ ಹೋದ ಮನೆಯಲ್ಲೆಲ್ಲ ಹೇಳುತ್ತಾರೆ.

ಹೊಗೆ, ಹುಡಿ, ಸೇವಂತಿಗೆಯ ನಡುವಿನಿಂದ ಇಳಿದ ಭಾವನ ಮೊದಲ ಮಾತು: "ನಾನು ತುಳಿದದ್ದು ಬ್ರೇಕೇ ಕಣೋ. ತುಳಿದಷ್ಟೂ ಹೋಯ್ತು!"

ಎರಡನೆಯ ಮಾತು: "ಆರು ಏರ್‌ಬ್ಯಾಗಿಗೆ ದುಡ್ಡು ಕೊಟ್ಟಿದ್ದೀನಿ. ಒಂದಾದರೂ ಬರಬಾರದಿತ್ತೇ?"

ಹದಿನಾಲ್ಕು ಅಡಿಯ ಪ್ರಯಾಣಕ್ಕೆ ಏರ್‌ಬ್ಯಾಗು ಎದ್ದು ಬರುವುದಿಲ್ಲ, ಅದಕ್ಕೂ ಒಂದು ಮರ್ಯಾದೆ ಇದೆ ಎಂದು ನಾನು ಹೇಳಲು ಹೋಗಲಿಲ್ಲ. ಅಷ್ಟರಲ್ಲಿ ತಲೆಗೊಂದು ತೀರ್ಪು ಶುರುವಾಗಿತ್ತು. ಒಂದು ನಿಂಬೆಹಣ್ಣು ಒಡೆಯದೆ ಉರುಳಿಹೋಗಿದೆ, ದೃಷ್ಟಿ ಹೋಗಿಲ್ಲ ಅಂದಳು ಅಕ್ಕ. ಅಸೋಸಿಯೇಷನ್ ಕಾರ್ಯದರ್ಶಿ ಕಂಬವನ್ನು ಸವರಿ ನೋಡಿ, ಸ್ಟ್ರಕ್ಚರಲ್ ಇಂಜಿನಿಯರನ್ನು ಕರೆಸಬೇಕಾಗುತ್ತದೆ, ಖರ್ಚು ಯಾರದು ಅಂದರು. ಕಾರಿನ ಹಿಂದೆ ನಿಂತಿದ್ದವನು ವಾಚ್‌ಮನ್ ಒಬ್ಬನೇ. ಯಾದಗಿರಿ ಕಡೆಯವನು. "ಸಾಹೇಬ್ರ, ಹಿಂದಿನ ಕೆಂಪು ಲೈಟು ಹತ್ತೇ ಇಲ್ಲ ನೋಡ್ರಿ" ಅಂದ.

ಬ್ರೇಕ್ ತುಳಿದರೆ ಹಿಂದೆ ಕೆಂಪು ದೀಪ ಹತ್ತಬೇಕು. ಹತ್ತಿಲ್ಲ. ಸಿಸಿ ಕ್ಯಾಮೆರಾದಲ್ಲೂ ಹತ್ತಿಲ್ಲ. ಭಾವ ಆ ವಿಡಿಯೊವನ್ನು ನಾಲ್ಕು ಸಲ ನೋಡಿ, "ಲೈಟೂ ಕೆಟ್ಟಿದೆ ಅಂತಾಯ್ತು" ಅಂದರು.

ಅವರು ಸುಳ್ಳು ಹೇಳುವ ಜನವಲ್ಲ. ಸಾಲ ಕೊಡುವಾಗಲೇ ಹೇಳದವರು ಈಗ ಯಾಕೆ ಹೇಳುತ್ತಾರೆ? ಸುಳ್ಳು ಹೇಳಿದ್ದು ಅವರ ಕಾಲು, ಅವರು ಅದನ್ನು ನಂಬಿದರು. ಕಾರಿನಲ್ಲಿ ಕೂತವನು ಪೆಡಲನ್ನು ಕಣ್ಣಿಂದ ನೋಡುವುದಿಲ್ಲ. ಕತ್ತಲಲ್ಲಿ ಸ್ವಿಚ್ ಹುಡುಕುವ ಕೈಯ ಹಾಗೆ ಕಾಲು ತನ್ನ ನೆನಪಿನ ಮೇಲೆ ಹೋಗುತ್ತದೆ. ಗಾಬರಿಯಲ್ಲಿ ನಾಲ್ಕು ಬೆರಳು ಬಲಕ್ಕೆ ಸರಿದರೂ ತಲೆಗೆ ತಲುಪುವ ವರದಿ ಒಂದೇ: ಆಜ್ಞೆಯಂತೆ ಬ್ರೇಕ್ ತುಳಿಯಲಾಗಿದೆ. ಕಾರು ನಿಲ್ಲುವ ಬದಲು ನುಗ್ಗುತ್ತದೆ. ತಲೆ ಕಾಲನ್ನು ಅನುಮಾನಿಸುವುದಿಲ್ಲ, ಬ್ರೇಕನ್ನು ಅನುಮಾನಿಸುತ್ತದೆ. ಆದ್ದರಿಂದ ಇನ್ನೂ ಜೋರಾಗಿ ತುಳಿ ಎನ್ನುತ್ತದೆ. ಭಾವ ಹೇಳಿದ "ತುಳಿದಷ್ಟೂ ಹೋಯ್ತು" ಅಕ್ಷರಶಃ ನಿಜ. ಕೆಳಗಿನವನು ತಪ್ಪು ವರದಿ ಕೊಟ್ಟ, ಮೇಲಿನವನು ಪರಿಶೀಲಿಸದೆ ಅನುಮೋದಿಸಿದ. ಮೂವತ್ತು ವರ್ಷದ ಅನುಭವ ಇಂಥ ಕಡೆಯೇ ಉಪಯೋಗಕ್ಕೆ ಬರುವುದು.

ಮ್ಯಾನ್ಯುಯಲ್ ಗಾಡಿಯಲ್ಲೂ ಕಾಲು ಹೀಗೆ ತಪ್ಪುತ್ತದೆ. ಆದರೆ ಅಲ್ಲಿ ಇನ್ನೊಂದು ಕಾಲಿದೆ. ಗಾಬರಿಯಾದರೆ ಎರಡೂ ಕಾಲು ಒಟ್ಟಿಗೆ ಕೆಳಗಿಳಿಯುತ್ತವೆ. ಎಡಗಾಲು ಕ್ಲಚ್ ತುಳಿದ ಕೂಡಲೇ ಇಂಜಿನ್ನಿಗೂ ಚಕ್ರಕ್ಕೂ ಸಂಬಂಧ ತಪ್ಪಿ, ಬಲಗಾಲು ಏನೇ ತುಳಿದಿದ್ದರೂ ಇಂಜಿನ್ನು ಬರೀ ಅರಚಾಡುತ್ತದೆ. ನೂರು ವರ್ಷದಿಂದ ಎಡಗಾಲು ಸದ್ದಿಲ್ಲದೆ ಮಾಡಿಕೊಂಡು ಬಂದ ಈ ಜೀತವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಆಟೋಮ್ಯಾಟಿಕ್ ಬಂತು, ಎಡಗಾಲಿಗೂ ವಿಆರ್‌ಎಸ್ ಕೊಟ್ಟರು. ನನ್ನದು ಹನ್ನೆರಡು ವರ್ಷದ ಹಳೇ ಮ್ಯಾನ್ಯುಯಲ್ ಕಾರು. ನನ್ನ ಎಡಗಾಲು ಇನ್ನೂ ಸರ್ವೀಸಿನಲ್ಲಿದೆ ಎಂದು ಭಾವನ ಮುಂದೆ ಸ್ವಲ್ಪ ಜಂಬವನ್ನೂ ಕೊಚ್ಚಿಕೊಂಡೆ.

ಭಾವನ ಮಾತನ್ನು ಅವರಿಗಿಂತ ಮೊದಲೇ ಇಡೀ ಅಮೆರಿಕ ಆಡಿ ಮುಗಿಸಿದೆ. ಹಾಗೆ ಆಡಿಸಿದ ಕಾರಿನ ಹೆಸರೂ ಆಡಿ. 1986ರ ನವೆಂಬರ್ 23ರಂದು ಅಲ್ಲಿನ ಸಿಬಿಎಸ್ ವಾಹಿನಿಯ ‘ಸಿಕ್ಸ್‌ಟಿ ಮಿನಿಟ್ಸ್’ ಕಾರ್ಯಕ್ರಮದಲ್ಲಿ ಆಡಿ 5000 ಎಂಬ ಜರ್ಮನ್ ಕಾರಿನ ಮಾಲೀಕರು ಸಾಲಾಗಿ ಬಂದು ಒಂದೇ ಮಾತು ಹೇಳಿದರು: ಕಾರು ತಾನಾಗೇ ನುಗ್ಗಿತು, ನಾವು ತುಳಿದದ್ದು ಬ್ರೇಕೇ. ಮಾತಿಗೆ ಪುರಾವೆ ಬೇಕಲ್ಲ. ಒಂದು ಕಾರಿನ ಎಕ್ಸ್‌ಲೇಟರು ಯಾರೂ ಮುಟ್ಟದೆ ತಾನೇ ಕೆಳಗಿಳಿಯುವುದನ್ನು ತೋರಿಸಿದರು. ದೇಶ ಬೆಚ್ಚಿಬಿತ್ತು. ಆ ಕಾರಿನ ಗೇರ್‌ಬಾಕ್ಸಿಗೆ ತೂತು ಕೊರೆದು ಹೊರಗಿನಿಂದ ಒತ್ತಡ ಕೊಟ್ಟಿದ್ದರೆಂಬುದು ಆಮೇಲೆ ತಿಳಿಯಿತು. ದೆವ್ವ ತೋರಿಸುತ್ತೇನೆಂದು ಟಿಕೆಟ್ ಮಾರಿದ ಮೇಲೆ ಬಿಳಿ ಪಂಚೆ ಹೊದ್ದು ಯಾರಾದರೂ ಓಡಾಡಲೇಬೇಕು. ನಮ್ಮ ಟಿವಿಯವರು ಇದನ್ನೆಲ್ಲ ತಾವೇ ಕಂಡುಹಿಡಿದದ್ದೆಂದುಕೊಂಡಿದ್ದಾರೆ.

ಅಮೆರಿಕದಲ್ಲಿ 1985ರಲ್ಲಿ 74,000 ಕಾರು ಮಾರಿದ್ದ ಆಡಿ 1991ರ ಹೊತ್ತಿಗೆ 12,000ಕ್ಕೆ ಇಳಿಯಿತು. ಕಂಪನಿ ಹೇಳಿದ್ದೇನು? ಕಾರು ಸರಿಯಾಗಿದೆ, ನಿಮ್ಮ ಕಾಲು ಸರಿಯಿಲ್ಲ. ಲಕ್ಷಗಟ್ಟಲೆ ಸುರಿದು ಕಾರು ಕೊಂಡವನಿಗೆ ನಿನ್ನ ಕಾಲು ಸರಿಯಿಲ್ಲ ಎನ್ನುವ ಧೈರ್ಯ ಜರ್ಮನ್ನರಿಗೆ ಮಾತ್ರ ಬರಬೇಕು. ನಮ್ಮ ಕಂಪನಿಗಳಾಗಿದ್ದರೆ "ಒಂದ್ಸಲ ಸರ್ವೀಸಿಗೆ ಬಿಡಿ ಸಾರ್, ನೋಡೋಣ" ಎಂದು ವಾರಂಟಿ ಮುಗಿಯುವವರೆಗೆ ನೋಡುತ್ತಿದ್ದರು.

1989ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ ವರದಿ ಬಂತು. ಹೆಚ್ಚಿನ ಪ್ರಕರಣಗಳಲ್ಲಿ ಚಾಲಕರು ತುಳಿದದ್ದು ತಪ್ಪು ಪೆಡಲು ಎಂದಿತು. ಕಂಪನಿಯವರು ಆ ಒಂದು ವಾಕ್ಯವನ್ನು ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಬಹುದಿತ್ತು. ಆದರೆ ವರದಿಯಲ್ಲಿ ಇನ್ನೂ ಎರಡು ಸಂಗತಿಗಳಿದ್ದವು. ನಿಂತಲ್ಲೇ ಇಂಜಿನ್ನಿನ ವೇಗ ಕಾಯುವ ಒಂದು ಪುಟ್ಟ ಸಾಧನ ಕೆಟ್ಟು ಕಾರು ಒಮ್ಮೊಮ್ಮೆ ಗಕ್ಕನೆ ಜಿಗಿಯುತ್ತಿತ್ತು, ಕೂತವರು ಬೆಚ್ಚುತ್ತಿದ್ದರು. ಬೆಚ್ಚಿದ ಕಾಲು ಎಲ್ಲಿಗೆ ಹೋಗಬೇಕೋ ಅಲ್ಲಿಯ ಪೆಡಲುಗಳ ಜೋಡಣೆಯೂ ಅಮೆರಿಕದವರ ರೂಢಿಯದಲ್ಲ. ‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ’ ಎಂಬ ಗಾದೆ ಯಾರು ಕಟ್ಟಿದರೋ ಗೊತ್ತಿಲ್ಲ. ನೆಲ ಹಾಕಿಸಿದ ಕಂಟ್ರಾಕ್ಟರೇ ಇರಬೇಕು ಎಂದು ನನ್ನ ಗುಮಾನಿ. ಆಕೆಗೆ ಕುಣಿಯಲು ಬರುತ್ತಿರಲಿಲ್ಲ, ಒಪ್ಪೋಣ. ಒಂದು ಮಟ್ಟಗೋಲು ಇಟ್ಟು ನೆಲವನ್ನೂ ಅಳೆದರೆ ಗಂಟೇನು ಹೋಗುತ್ತಿತ್ತು?

ವರದಿ ಬರುವ ಮೊದಲೇ ಆಡಿಯವರು ಅಳೆದಿದ್ದರು. ಬ್ರೇಕ್ ತುಳಿಯದ ಹೊರತು ಗೇರನ್ನು ಪಾರ್ಕಿನಿಂದ ಹೊರಗೆಳೆಯಲು ಬಾರದಂತೆ ಒಂದು ಬೀಗ ಹಾಕಿದರು. ಸುಮಾರು ಎರಡೂವರೆ ಲಕ್ಷ ಹಳೆಯ ಕಾರುಗಳನ್ನು ವಾಪಸು ಕರೆಸಿ ಕೂರಿಸಿದ್ದು ಇದನ್ನೇ. ತಾನಾಗೇ ನುಗ್ಗುತ್ತಿದ್ದ ಕಾರುಗಳ ದೂರು ಗಣನೀಯವಾಗಿ ಇಳಿಯಿತು. ದೆವ್ವ ಬಿಡಿಸಿದ್ದು ಒಂದು ಚಿಲಕ. ಇವತ್ತು ನಮ್ಮ ಬಹುಪಾಲು ಆಟೋಮ್ಯಾಟಿಕ್ ಕಾರುಗಳು ಬ್ರೇಕ್ ತುಳಿಯದೆ ಹೊರಡದಿರುವುದರ ಹಿಂದೆ ಇಂಥ ಪುಟ್ಟ ಚಿಲಕಗಳ ಪುಣ್ಯವಿದೆ. ಭಾವನ ಕಾರಿನಲ್ಲೂ ಇದೆ. ಆದರೆ ಅದು ಪಾರ್ಕಿನ ಬಾಗಿಲು ಕಾಯುವ ವಾಚ್‌ಮನ್. ಒಮ್ಮೆ ಡಿಗೆ ಹೋದಿರೋ, ಮುಂದಿನದು ನಿಮ್ಮ ಹಣೆಬರಹ. ಎರಡೂ ಪೆಡಲು ಒಟ್ಟಿಗೆ ತುಳಿದರೆ ಎಕ್ಸ್‌ಲೇಟರನ್ನು ಕಡೆಗಣಿಸಿ ಬ್ರೇಕಿನ ಮಾತು ಕೇಳುವ ಇನ್ನೊಂದು ಏರ್ಪಾಡೂ ಇದೆ. ಭಾರೀ ಒಳ್ಳೆಯದು, ಆದರೆ ಅದಕ್ಕೂ ಬ್ರೇಕನ್ನು ತುಳಿಯಬೇಕು. ಬ್ರೇಕ್ ಸಿಗದವನ ಕಷ್ಟಕ್ಕೆ, ಬ್ರೇಕ್ ಸಿಕ್ಕಿದರೆ ಮಾತ್ರ ಸಿಗುವ ಪರಿಹಾರ. ಸರ್ಕಾರಿ ಕಚೇರಿಯಲ್ಲಿ ವಿಳಾಸದ ದಾಖಲೆ ಕಳೆದುಹೋಗಿದೆ ಎಂದು ಅರ್ಜಿ ಕೊಡಲು ಹೋದರೆ ವಿಳಾಸದ ದಾಖಲೆ ಲಗತ್ತಿಸಿ ಎನ್ನುತ್ತಾರಲ್ಲ, ಹಾಗೆ.

ನೆಲ ಡೊಂಕಾಗಿದ್ದರೂ ಕುಣಿಯುವವಳಿಗೇ ಬೈದ ಕಥೆ ಇದಕ್ಕೂ ಹಳೆಯದು. ಆಟೋಮ್ಯಾಟಿಕ್ ಗೇರು ಮಾರುಕಟ್ಟೆಗೆ ಬಂದ ಮೊದಲ ದಶಕಗಳಲ್ಲಿ ಯಾವ ಅಕ್ಷರದ ಪಕ್ಕ ಯಾವ ಅಕ್ಷರ ಎಂಬುದು ಒಬ್ಬೊಬ್ಬ ತಯಾರಕನಿಗೆ ಒಂದೊಂದು. ಜನರಲ್ ಮೋಟರ್ಸ್‌ನ ಕೆಲವು ಕಾರುಗಳಲ್ಲಿ ಮುಂದಕ್ಕೆ ಎಳೆಯುವ ಲೋ ಗೇರಿನ ಮಗ್ಗುಲಲ್ಲೇ ರಿವರ್ಸು. ಮಧ್ಯೆ ನ್ಯೂಟ್ರಲ್ಲಿನ ಹೊಸ್ತಿಲೇ ಇಲ್ಲ. ಮುಂದೆ ಹೋಗಲೆಂದು ಹೊರಟವನು ಹಿಂದಿನ ಗೋಡೆಗೆ ಹೋದ. ರಾಲ್ಫ್ ನೇಡರ್ 1965ರ ತಮ್ಮ ಪುಸ್ತಕದಲ್ಲಿ ಇದನ್ನು ಹಿಡಿದು ಝಾಡಿಸಿದರು. 1968ರಿಂದ ಸರ್ಕಾರದ ನಿಯಮ ಬಂತು: ಮುಂದಕ್ಕೂ ಹಿಂದಕ್ಕೂ ನಡುವೆ ನ್ಯೂಟ್ರಲ್ ಇರತಕ್ಕದ್ದು. ಐದು ಅಕ್ಷರ ಸಾಲಾಗಿ ಜೋಡಿಸಲು ಮಹಾನ್ ಕೈಗಾರಿಕಾ ರಾಷ್ಟ್ರಕ್ಕೆ ಮೂರು ದಶಕದ ಹತ್ತಿರ ಹಿಡಿಯಿತು. ನಮ್ಮ ಬಾಲವಾಡಿಯ ಮಕ್ಕಳು ಇನ್ನೂ ಬೇಗ ಮುಗಿಸುತ್ತವೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಫೋರ್ಡಿನ ಪರಿಹಾರ. ಅವರ ಕಾರುಗಳನ್ನು ಪಾರ್ಕಿನಲ್ಲಿಟ್ಟು ಇಂಜಿನ್ ಆನ್ ಇರುವಂತೆಯೇ ಇಳಿದರೆ, ಕೆಲವು ತಾವೇ ರಿವರ್ಸಿಗೆ ಜಾರಿ ಇಳಿದವರ ಮೇಲೆಯೇ ಬರುತ್ತಿದ್ದವು. ಜನ ಸತ್ತರು. ತನಿಖೆ ನಡೆಯಿತು. 1966ರಿಂದ 1980ರವರೆಗಿನ ಸುಮಾರು 2 ಕೋಟಿ 30 ಲಕ್ಷ ವಾಹನಗಳು ಪಟ್ಟಿಯಲ್ಲಿದ್ದವು. ಅಷ್ಟನ್ನು ವಾಪಸು ಕರೆಸಿದರೆ ಕಂಪನಿಯ ಗತಿ? 1980ರ ಕೊನೆಗೆ ಸರ್ಕಾರವೂ ಕಂಪನಿಯೂ ಕೂತು ರಾಜಿ ಮಾಡಿಕೊಂಡವು. ಕಂಪನಿ ಪ್ರತಿ ಮಾಲೀಕನಿಗೂ ಅಂಚೆಯಲ್ಲಿ ಒಂದು ಸ್ಟಿಕ್ಕರ್ ಕಳಿಸುವುದು, ಮಾಲೀಕ ಅದನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಿಕೊಳ್ಳುವುದು. ಇಳಿಯುವ ಮುನ್ನ ಗೇರು ಸರಿಯಾಗಿ ಪಾರ್ಕಿನಲ್ಲಿದೆಯೇ ನೋಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಇಂಜಿನ್ ಆರಿಸಿ ಎಂದು ಅದರ ಸಾರಾಂಶ.

ಗೋಂದಿನಿಂದ ಗೇರ್‌ಬಾಕ್ಸ್ ರಿಪೇರಿ! ನಮ್ಮಲ್ಲಿ ಹೊಸ ಮನೆಗೆ ರಾಕ್ಷಸನ ಮುಖ ಕಟ್ಟುವುದನ್ನೂ ಲಾರಿಯ ಬಂಪರಿಗೆ ಹಳೇ ಚಪ್ಪಲಿ ನೇತುಹಾಕುವುದನ್ನೂ ಕಂಡು ನಗುವ ದೇಶ ಅದು. ರಾಕ್ಷಸನ ಮುಖಕ್ಕೆ ಕನಿಷ್ಠ ಕೋರೆಹಲ್ಲಾದರೂ ಇರುತ್ತದೆ. ಸ್ಟಿಕ್ಕರಿನ ಶಕ್ತಿ ಬೇರೆಯದು. ಅಂಟಿಸಿದ ಕ್ಷಣದಿಂದ ಗೇರು ಜಾರಿದರೆ ತಪ್ಪು ಗೇರಿನದಲ್ಲ, ಓದದವನದು. ಇದೇ ದಾರಿ ಹಿಡಿದು ನಮ್ಮ ಪಾಲಿಕೆಯವರು ಪ್ರತಿ ಗುಂಡಿಯ ಪಕ್ಕ ‘ಇಲ್ಲಿ ಗುಂಡಿ ಇದೆ, ನೋಡಿ ನಡೆಯಿರಿ’ ಎಂದು ಬೋರ್ಡು ನೆಟ್ಟರೆ ಡಾಂಬರಿನ ಖರ್ಚೇ ಉಳಿಯುತ್ತದೆ. ಇದನ್ನು ಬರೆದದ್ದು ತಪ್ಪಾಯಿತೇನೋ, ಯಾರಾದರೂ ಓದಿ ಟೆಂಡರ್ ಕರೆದಾರು.

ಇಷ್ಟೆಲ್ಲ ಆದ ಮೇಲೆ ಗೇರಿನ ಹಿಡಿಕೆಯನ್ನಾದರೂ ಮುಟ್ಟದೆ ಬಿಟ್ಟರೇ? ಇಲ್ಲ. ಹಿಡಿಕೆ ಇದ್ದಲ್ಲೇ ಇದ್ದರೆ ಹೊಸತನ ಎಲ್ಲಿ ಬಂತು? ಫಿಯೆಟ್ ಕ್ರೈಸ್ಲರ್‌ನವರು ಒಂದು ಹಿಡಿಕೆ ಮಾಡಿದರು. ಯಾವ ಗೇರಿಗೆ ತಳ್ಳಿದರೂ ಕೈಬಿಟ್ಟ ಕೂಡಲೇ ಅದು ಮತ್ತೆ ನಡುವಿಗೆ ಬಂದು ನಿಲ್ಲುತ್ತದೆ. ಪಾರ್ಕಿಗೆ ಬಿತ್ತೋ ಇಲ್ಲವೋ ಕೈಗೆ ತಿಳಿಯುವುದಿಲ್ಲ, ದೀಪ ನೋಡಿ ತಿಳಿಯಬೇಕು. ಜನ ಪಾರ್ಕಾಯಿತೆಂದು ಇಳಿದರು, ಕಾರು ಉರುಳಿತು. 2016ರ ಏಪ್ರಿಲ್‌ನಲ್ಲಿ ಸುಮಾರು 11 ಲಕ್ಷ ವಾಹನಗಳನ್ನು ವಾಪಸು ಕರೆಸುವುದಾಗಿ ಘೋಷಿಸಿದರು. ಜೂನ್‌ನಲ್ಲಿ, ಆ ಪಟ್ಟಿಯಲ್ಲಿದ್ದ ಜೀಪ್ ಗ್ರ್ಯಾಂಡ್ ಚೆರೋಕಿ ಮನೆಯ ಇಳಿಜಾರಿನಲ್ಲೇ ಮೈಮೇಲೆ ಉರುಳಿ ಬಂದು ‘ಸ್ಟಾರ್ ಟ್ರೆಕ್’ ಸಿನಿಮಾಗಳ ನಟ ಆಂಟನ್ ಯೆಲ್ಚಿನ್ ತೀರಿಹೋದ. 27 ವರ್ಷ.

ಇಲ್ಲಿ ತಮಾಷೆ ಸ್ವಲ್ಪ ಹೊತ್ತು ನಿಲ್ಲಬೇಕು. 2019ರ ಏಪ್ರಿಲ್ 19ರಂದು ಟೋಕಿಯೊದ ಇಕೆಬುಕುರೊದಲ್ಲಿ 87 ವರ್ಷದ ಮಾಜಿ ಉನ್ನತ ಅಧಿಕಾರಿಯೊಬ್ಬರ ಕಾರು ಅಡ್ಡರಸ್ತೆಗಳನ್ನು ಸೀಳಿಕೊಂಡು ನುಗ್ಗಿತು. ಸೈಕಲ್ಲಿನಲ್ಲಿದ್ದ 31 ವರ್ಷದ ತಾಯಿ, 3 ವರ್ಷದ ಮಗಳು ಸತ್ತರು. ಅಧಿಕಾರಿ ನ್ಯಾಯಾಲಯದಲ್ಲಿ ಹೇಳಿದ್ದೂ ಅದೇ: ಬ್ರೇಕ್ ಹಿಡಿಯಲಿಲ್ಲ. ಕಾರಿನ ದಾಖಲೆಯಲ್ಲಿ ಎಕ್ಸ್‌ಲೇಟರ್ ತುಳಿದದ್ದಿತ್ತು, ಬ್ರೇಕ್ ತುಳಿದದ್ದಿರಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ 5 ವರ್ಷದ ಶಿಕ್ಷೆಯಾಯಿತು. ಆತ ಸುಳ್ಳು ಹೇಳುತ್ತಿದ್ದಾನೆಂದು ದೇಶವೇ ಉಗಿಯಿತು. ನನಗೆ ಹೆಚ್ಚು ಭಯವಾಗುವುದು, ಆತ ಮನಸಾರೆ ನಿಜ ಹೇಳುತ್ತಿದ್ದಿರಬಹುದು ಎಂಬುದಕ್ಕೆ. ಅಪಘಾತ ನಡೆದ 2019ರಲ್ಲಿ ಜಪಾನಿನಲ್ಲಿ ಸುಮಾರು 6 ಲಕ್ಷ ಜನ, ಹೆಚ್ಚಿನವರು ವಯಸ್ಸಾದವರು, ತಮ್ಮ ಲೈಸೆನ್ಸನ್ನು ತಾವಾಗಿಯೇ ವಾಪಸು ಕೊಟ್ಟರು. ನಮ್ಮಲ್ಲಿ ಒಬ್ಬರಾದರೂ ಆರ್‌ಟಿಒ ಕಚೇರಿಗೆ ಹೋಗಿ ತಗೊಳ್ಳಿ ಸ್ವಾಮಿ ಎಂದರೆ, ಅದನ್ನು ಪಡೆಯುವ ಫಾರಂ ಯಾವುದು ಎಂದು ಗುಮಾಸ್ತ ತಲೆ ಕೆರೆದುಕೊಂಡಾನು. ಜಪಾನ್ ಸರ್ಕಾರ ಕಾಲನ್ನು ಬೈದು ಸುಮ್ಮನಾಗಲಿಲ್ಲ. 2028ರ ಸೆಪ್ಟೆಂಬರ್‌ನಿಂದ ಅಲ್ಲಿನ ಹೊಸ ಆಟೋಮ್ಯಾಟಿಕ್ ಕಾರುಗಳಲ್ಲಿ, ಎದುರಿಗೆ ಗೋಡೆಯೋ ವಾಹನವೋ ಇರುವಾಗ ಎಕ್ಸ್‌ಲೇಟರ್ ಒದ್ದರೆ ಕಾರೇ ಒಪ್ಪದೆ ವೇಗ ತಡೆಯುವ ಸಾಧನ ಕಡ್ಡಾಯ. ಕಾಲು ಎಂದಾದರೂ ತಪ್ಪಿಯೇ ತಪ್ಪುತ್ತದೆ ಎಂದು ಒಪ್ಪಿಕೊಂಡು ಬರೆದ ನಿಯಮ ಅದು.

ನಮ್ಮಲ್ಲಿ ಕಾಲು ತಪ್ಪುವ ಪದ್ಧತಿಯೇ ಇಲ್ಲ. ಇಲ್ಲಿ ತಪ್ಪುವುದು ‘ಚಾಲಕನ ನಿಯಂತ್ರಣ’. ದಿನಪತ್ರಿಕೆ ತೆರೆಯಿರಿ: ಚಾಲಕನ ನಿಯಂತ್ರಣ ತಪ್ಪಿ ಬೇಕರಿಗೆ ನುಗ್ಗಿದ ಕಾರು. ನಿಯಂತ್ರಣ ಎಂಬುದು ಚಾಲಕನ ಕೈಹಿಡಿದು ಜಾತ್ರೆಗೆ ಬಂದಿದ್ದ ಮಗು, ಜನಸಂದಣಿಯಲ್ಲಿ ತಪ್ಪಿಸಿಕೊಂಡಿತು, ಪಾಪ. ಠಾಣೆಯಲ್ಲಿ ಅದೇ ಘಟನೆ ‘ಅತಿವೇಗ ಮತ್ತು ಅಜಾಗರೂಕತೆ’ ಆಗುತ್ತದೆ. ಭಾವನ ಹದಿನಾಲ್ಕು ಅಡಿಗೂ ಕಂಬ ದೂರು ಕೊಟ್ಟಿದ್ದರೆ ಅದೇ ಸಾಲು ಬೀಳುತ್ತಿತ್ತು. ಯಾವ ಪೆಡಲು, ಯಾವ ಕಾಲು, ಕಾಲಡಿ ಏನಿತ್ತು, ಯಾರೂ ಬರೆದುಕೊಳ್ಳುವುದಿಲ್ಲ.

ಕಾಲಡಿ ಏನಿರುತ್ತದೆಂದು ಹೇಳುತ್ತೇನೆ. ಅಮೆರಿಕದಲ್ಲಿ 2009ರಲ್ಲಿ ಅಳತೆಗೆ ಹೊಂದದ ಒಂದೇ ಒಂದು ಮ್ಯಾಟು ಎಕ್ಸ್‌ಲೇಟರಿಗೆ ಸಿಕ್ಕಿಕೊಂಡು ನಾಲ್ವರು ಸತ್ತರು. ಟೊಯೊಟಾ ಲಕ್ಷಾಂತರ ಕಾರುಗಳನ್ನು ವಾಪಸು ಕರೆಸಬೇಕಾಯಿತು. ತಿಳಿದದ್ದನ್ನು ಜನರಿಂದ ಮುಚ್ಚಿಟ್ಟದ್ದಕ್ಕೆ 2014ರಲ್ಲಿ 120 ಕೋಟಿ ಡಾಲರ್ ದಂಡ ಕಟ್ಟಿತು. ಭಾವನ ಕಾರಿನಲ್ಲಿ ಮ್ಯಾಟು ಎಷ್ಟು? ಕಂಪನಿಯದೊಂದು. ಅದು ಕೊಳೆಯಾಗಬಾರದೆಂದು ಅದರ ಮೇಲೆ ಅಂಗಡಿಯ ರಬ್ಬರಿನದೊಂದು. ರಬ್ಬರು ಚೆನ್ನಾಗಿ ಕಾಣುವುದಿಲ್ಲವೆಂದು ಅದರ ಮೇಲೆ ಏಳೋ ಒಂಬತ್ತೋ ಡೈಮೆನ್ಷನ್ನಿನ ಹೊಲಿಗೆ ಹಾಕಿದ ದಪ್ಪ ಹಾಸು. ಅದಕ್ಕೆ ಧೂಳು ಕೂರಬಾರದೆಂದು ಮೇಲೆ ಅವತ್ತಿನ ಪೇಪರು. ಪೇಪರಿನಲ್ಲಿ ನಿಯಂತ್ರಣ ತಪ್ಪಿದ ಯಾವುದೋ ಕಾರಿನ ಚಿತ್ರ. ಸೀಟಿನ ಕೆಳಗೊಂದು ನೀರಿನ ಬಾಟಲಿ, ಇಳಿಜಾರಿನಲ್ಲಿ ಅದು ಬ್ರೇಕಿನ ಕೆಳಗೆ ಬಂದು ತಂಗುತ್ತದೆ. ಕಾಲಿನಲ್ಲಿ ಹಿಮ್ಮಡಿ ಸವೆದ ಹವಾಯಿ ಚಪ್ಪಲಿ.

ಇನ್ನು ಲೈಸೆನ್ಸು. ಜಪಾನಿನಲ್ಲಿ 1991ರಿಂದ ಆಟೋಮ್ಯಾಟಿಕ್‌ಗೇ ಸೀಮಿತವಾದ ಲೈಸೆನ್ಸ್ ಇದೆ. ನಮ್ಮಲ್ಲಿ ಎಲ್ಎಂವಿ ಎಂಬ ಮೂರಕ್ಷರದಲ್ಲಿ ಎಲ್ಲವೂ ಅಡಗಿದೆ. ಭಾವ ಲೈಸೆನ್ಸ್ ತೆಗೆದದ್ದು ಮೂವತ್ತು ವರ್ಷದ ಹಿಂದೆ, ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ. ಅದರಲ್ಲಿ ಮೇಷ್ಟರ ಕಾಲಡಿಯೂ ಒಂದು ಕ್ಲಚ್ಚು, ಒಂದು ಬ್ರೇಕು. ಇಪ್ಪತ್ತು ದಿನ ಭಾವ ಸ್ಟಿಯರಿಂಗ್ ಹಿಡಿದು ಕೂತಿದ್ದರು, ಓಡಿಸಿದ್ದು ಮೇಷ್ಟ್ರು. ಈಗ ಕಾರು ಕೊಟ್ಟ ಸೇಲ್ಸ್ ಹುಡುಗ ಬ್ಲೂಟೂತ್ ಜೋಡಿಸುವುದಕ್ಕೆ ಇಪ್ಪತ್ತೈದು ನಿಮಿಷ ತಗೊಂಡ, ಸನ್‌ರೂಫಿಗೆ ಹತ್ತು. ಗೇರಿಗೆ ಅರ್ಧ ನಿಮಿಷ: "ಎಲ್ಲಾ ಆಟೋಮ್ಯಾಟಿಕ್ ಸಾರ್, ನೀವೇನೂ ಮಾಡೋ ಹಾಗಿಲ್ಲ." ಅವನ ಮಾತನ್ನು ಭಾವ ನಂಬಿದ್ದರೆ ಕಂಬ ಉಳಿಯುತ್ತಿತ್ತು. ಅಲ್ಲಿ ಮಾಡಬೇಕಿದ್ದದ್ದು ನಿಜಕ್ಕೂ ಏನೂ ಇರಲಿಲ್ಲ.

ಸುರಕ್ಷತೆಯ ಮೇಲೆ ನಮಗೇನೂ ದ್ವೇಷವಿಲ್ಲ. ಅದು ಸದ್ದು ಮಾಡಬಾರದು ಅಷ್ಟೆ. 2019ರ ಜುಲೈಯಿಂದ ಕಾರುಗಳಲ್ಲಿ ಬೆಲ್ಟ್ ಹಾಕದಿದ್ದರೆ ಕಿರುಚುವುದು, ಗಂಟೆಗೆ 80 ಕಿಲೋಮೀಟರು ದಾಟಿದರೆ ಗೊಣಗುವುದು ಎಲ್ಲ ಕಡ್ಡಾಯವಾಯಿತು. ಜನ ಆನ್‌ಲೈನಿನಲ್ಲಿ ಬೆಲ್ಟಿನ ಬಾಯಿಗೆ ಸಿಕ್ಕಿಸುವ ಸುಳ್ಳು ಕೊಂಡಿ ತರಿಸಿಕೊಂಡರು. ಬೆಲ್ಟಿಲ್ಲ, ಕೊಂಡಿ ಇದೆ, ಕಾರು ಸುಮ್ಮನಾಯಿತು. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಐದು ಮಾರಾಟ ತಾಣಗಳಿಂದ ಇಂಥ 13,118 ಸರಕುಗಳ ಪಟ್ಟಿ ತೆಗೆಸಿಹಾಕಿತು. ಬೆಲ್ಟು ಹಾಕಿಕೊಳ್ಳಲು ಎರಡು ಸೆಕೆಂಡು ಸಾಕು. ಹಾಕಿಕೊಳ್ಳದಿರಲು ಹುಡುಕಿ, ಬೆಲೆ ಹೋಲಿಸಿ, ಆರ್ಡರ್ ಮಾಡಿ, ಮೂರು ದಿನ ಕಾಯಬೇಕು. ನಮ್ಮದು ಸೋಮಾರಿ ದೇಶ ಎನ್ನುವವರು ಇದನ್ನು ಗಮನಿಸಲಿ.

ನಿಂಬೆಹಣ್ಣಿನ ವಿಷಯದಲ್ಲಿ ಭಾವ ಒಂಟಿಯಲ್ಲ. 2025ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ನಿರ್ಮಾಣ್ ವಿಹಾರದಲ್ಲಿ, ಶೋರೂಮಿನ ಮೊದಲ ಮಹಡಿಯಲ್ಲೇ ಹೊಸ ಗಾಡಿಯನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಲು ಹೋದವರು ಎಕ್ಸ್‌ಲೇಟರ್ ಜೋರಾಗಿ ತುಳಿದು, ಗಾಜು ಒಡೆದುಕೊಂಡು ಗಾಡಿ ಸಮೇತ ರಸ್ತೆಗೆ ಬಿದ್ದರು. ಪುಣ್ಯಕ್ಕೆ ಜೀವಕ್ಕೇನೂ ಆಗಲಿಲ್ಲ. ಸುದ್ದಿ ಓದಿದ ಭಾವ ಬಹಳ ಹೊತ್ತು ಮೌನವಾಗಿದ್ದು, "ಅವರಿಗಾದರೂ ಏರ್‌ಬ್ಯಾಗು ಬಂತಂತೆ" ಅಂದರು.

ಭಾವನ ಕಾರು ಟಿಂಕರಿಂಗ್ ಮುಗಿಸಿ ಬರಲು ಐದು ವಾರ ಹಿಡಿಯಿತು. ಬಂಪರಿಗಿಂತ ಕ್ಲೇಮ್ ಫಾರಂ ಹೆಚ್ಚು ಕಾಟ ಕೊಟ್ಟಿತು. ‘ಅಪಘಾತದ ಕಾರಣ’ ಎಂಬ ಅಂಕಣಕ್ಕೆ, "ನಾಯಿ ಅಡ್ಡ ಬಂತು ಅಂತ ಹಾಕಿ ಸಾರ್, ಎಲ್ಲರೂ ಅದನ್ನೇ ಹಾಕೋದು" ಎಂದ ಏಜೆಂಟ್. ಭಾವ ಒಪ್ಪಲಿಲ್ಲ. ‘ಬ್ರೇಕ್ ತುಳಿದಾಗ ವಾಹನವು ಮುಂದಕ್ಕೆ ಚಲಿಸಿತು’ ಎಂದು ದುಂಡಗೆ ಬರೆದರು. ಕಾಲು ತಪ್ಪಿತು ಎಂದಿದ್ದರೆ ಹಣ ಸಲೀಸಾಗಿ ಬರುತ್ತಿತ್ತು. ಬ್ರೇಕೇ ಕೆಟ್ಟಿದ್ದರೆ ತಯಾರಕರನ್ನು ಕೇಳಿ ಎಂದರು ವಿಮೆಯವರು. ಬ್ರೇಕ್ ಚೆನ್ನಾಗಿದೆ, ಬೇಕಾದರೆ ಬರೆದುಕೊಡುತ್ತೇವೆ ಎಂದರು ಸರ್ವೀಸ್ ಸೆಂಟರಿನವರು. ಕೊನೆಗೆ ಅಕ್ಕ ಹೊಸ ಫಾರಂ ತರಿಸಿ ತಾನೇ ತುಂಬಿ, ಕಾರಣದ ಜಾಗದಲ್ಲಿ ಬೆರಳಿಟ್ಟು ಮುಚ್ಚಿ, "ಇಲ್ಲಿ ಸಹಿ ಹಾಕಿ ರೀ" ಅಂದಳು. ಮೂವತ್ತು ವರ್ಷ ಗ್ರಾಹಕರಿಂದ ಹಾಕಿಸಿದ ಹಾಗೆಯೇ, ಭಾವ ಓದದೆ ಸಹಿ ಹಾಕಿದರು.

ಮತ್ತೊಂದು ಭಾನುವಾರ. ಮತ್ತೆ ಪೂಜೆ. ಈ ಸಲ ಕಾರನ್ನು ಬಯಲಿಗೆ ಮುಖ ಮಾಡಿ ಗೇಟಿನ ಹೊರಗೆ ನಿಲ್ಲಿಸಿದ್ದರು. ಪುರೋಹಿತರು ಎದುರಿಗೆ ನಿಲ್ಲದೆ, ಟ್ರಾನ್ಸ್‌ಫಾರ್ಮರ್ ಕಟ್ಟೆಯ ಮೇಲೆ ನಿಂತು ಅಲ್ಲಿಂದಲೇ ಆರತಿ ಎತ್ತಿದರು. ನಾಲ್ಕು ನಿಂಬೆಹಣ್ಣು ಇಟ್ಟಾಯಿತು. ಭಾವ ಕೀಲಿಯನ್ನು ನನ್ನ ಕೈಗಿಟ್ಟು, "ನೀನೇ ಹತ್ತಿಸಪ್ಪ, ಅಷ್ಟೆಲ್ಲ ಓದಿಕೊಂಡಿದ್ದೀಯ" ಎಂದು ಪಕ್ಕದ ಸೀಟಿನಲ್ಲಿ ಕೂತರು. ತೊಡೆಯ ಮೇಲೆ ತೆಂಗಿನಕಾಯಿ, ಬಾಳೆಹಣ್ಣು, ಸಜ್ಜಿಗೆಯ ತಟ್ಟೆ.

ನಾನು ಮ್ಯಾಟುಗಳನ್ನು ತೆಗೆಸಿದೆ. ಬಾಟಲಿ ಹೊರಗಿಟ್ಟೆ. ಬ್ರೇಕ್ ತುಳಿದು ಸ್ಟಾರ್ಟ್ ಮಾಡಿ ಡಿಗೆ ಹಾಕಿ, "ನೋಡಿ ಭಾವ, ಏನೂ ಮಾಡಬಾರದು, ಬರೀ ಕಾಲು ತೆಗೀಬೇಕು" ಎಂದು ತೆಗೆದೆ. ಕಾರು ತೆವಳಿತು. ಮುಂದಿನ ಎರಡು ಹಣ್ಣು ಚಿಟ್ ಚಿಟ್ ಎಂದವು. ಹಿಂದಿನವೂ ಅಂದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಇನ್ನೇನು, ನಿಲ್ಲಿಸಬೇಕು. ಹನ್ನೆರಡು ವರ್ಷದಿಂದ ದಿನಾ ಮಾಡಿಕೊಂಡು ಬಂದ ಹಾಗೆ ಎಡಗಾಲು ಎದ್ದು ಪೂರ್ತಿ ಬಲ ಹಾಕಿ ತುಳಿಯಿತು. ಕಾರು ನೆಲಕ್ಕೆ ಮೊಳೆ ಹೊಡೆದಂತೆ ಗಕ್ಕನೆ ನಿಂತಿತು. ತೆಂಗಿನಕಾಯಿ ಡ್ಯಾಶ್‌ಬೋರ್ಡಿಗೆ, ಸಜ್ಜಿಗೆ ಗಾಜಿಗೆ, ಭಾವನ ಕನ್ನಡಕ ನನ್ನ ಮಡಿಲಿಗೆ. ಕಟ್ಟೆಯ ಮೇಲಿದ್ದ ಪುರೋಹಿತರು ಅಭ್ಯಾಸಬಲದಿಂದ ಹಿಂದಕ್ಕೆ ಹಾರಿದರು.

"ಏನೋ ತುಳಿದೆ?" ಅಂದರು ಭಾವ.

"ಕ್ಲಚ್ಚು ಭಾವ. ನಾನು ತುಳಿದದ್ದು ಕ್ಲಚ್ಚೇ."

ಭಾವ ಕನ್ನಡಕ ತೆಗೆದುಕೊಂಡು ಸಜ್ಜಿಗೆ ಒರೆಸಿ ಹಾಕಿಕೊಂಡರು. ಬಗ್ಗಿ, ನನ್ನ ಕಾಲ ಬುಡದಲ್ಲಿ ಬಹಳ ಹೊತ್ತು ಹುಡುಕಿದರು.

"ಎಲ್ಲಿದೆ ತೋರಿಸು."